ಬೇಸ್ ಸಾಕೇ, ಪ್ರೀಮಿಯಂ ಬೇಕೇ? ಹುಬ್ಬಳ್ಳಿ-ಧಾರವಾಡದಲ್ಲಿ ಸ್ಪೋರ್ಟ್ಸ್ ಬೈಕ್ ಕೊಳ್ಳುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಅಕ್ಕನ ಮಗನ ಜೊತೆ, ಸ್ನೇಹಿತರ ತಮ್ಮಂದಿರ ಜೊತೆ, ಓಣಿಯ ಹುಡುಗರ ಜೊತೆ ಗೋಕುಲ ರಸ್ತೆಯ ಶೋರೂಂಗಳಿಗೆ ಎಷ್ಟು ಸಲ ಹೋಗಿ ಬಂದಿದ್ದೇನೋ ಲೆಕ್ಕವಿಲ್ಲ. ವಾರದಲ್ಲಿ ನಾಲ್ಕು ದಿನ ಹುಬ್ಬಳ್ಳಿಯಿಂದ ಗದಗಕ್ಕೆ ಫೇರಿಂಗ್ (ಮೈ ಮುಚ್ಚುವ ಪ್ಲಾಸ್ಟಿಕ್ ಕವಚ) ಇರುವ ಬೈಕಿನ ಮೇಲೆಯೇ ಹೋಗಿ ಬರುವವನು ನಾನು, ಹಾಗಾಗಿ ಕೇಳುವವರು ನನ್ನನ್ನೇ ಕೇಳುತ್ತಾರೆ. ಒಂದೇ ಬೈಕಿನ ಕಡಿಮೆ ಬೆಲೆಯ ಬೇಸ್ ಮಾದರಿ ಸಾಕೇ, ಹೆಚ್ಚು ಬೆಲೆಯ ಪ್ರೀಮಿಯಂ ಮಾದರಿ ಬೇಕೇ ಎಂಬುದರ ಸುತ್ತಲಿನ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಉತ್ತರಗಳನ್ನು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಪ್ರೀಮಿಯಂ ಮಾದರಿಯಲ್ಲಿ ಎಂಜಿನ್ ಹೆಚ್ಚು ಶಕ್ತಿಯದ್ದು ಇರುತ್ತದೆಯೇ?

ಬಹುತೇಕ ಇರುವುದಿಲ್ಲ. ಯಮಹಾ ಆರ್15 ವಿ4 ಮತ್ತು ಆರ್15ಎಂ ಎರಡೂ ಸೆಪ್ಟೆಂಬರ್ 2021ರಲ್ಲಿ ಒಟ್ಟಿಗೇ ಮಾರುಕಟ್ಟೆಗೆ ಬಂದವು. ಎರಡರಲ್ಲೂ ಅದೇ 155 ಸಿಸಿ ಎಂಜಿನ್, ಅದೇ 18.4 ಪಿಎಸ್ ಶಕ್ತಿ, ಅದೇ ಚೌಕಟ್ಟು, ಅದೇ ತಲೆಕೆಳಗಾದ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿಯುವ ಸಸ್ಪೆನ್ಷನ್ ಕೊಳವೆಗಳು), ಅದೇ 11 ಲೀಟರ್ ಟ್ಯಾಂಕ್. ‘ಎಂ’ ಅಕ್ಷರ ಇದ್ದರೆ ಬೈಕ್ ಜಾಸ್ತಿ ಓಡುತ್ತದೆ ಎಂದು ನಂಬಿ ಸಾಲ ಮಾಡಿದ ಹುಡುಗರನ್ನು ನಾನು ನೋಡಿದ್ದೇನೆ. ಓಟ ಒಂದೇ, ಮೈಲೇಜೂ ಒಂದೇ.

ಇನ್ನೊಂದು ವಿಷಯ ಆಗ ಬಹಳ ಜನರ ಗಮನಕ್ಕೆ ಬರಲಿಲ್ಲ. ಬಿಡುಗಡೆಯಾದಾಗ ದೆಹಲಿ ಎಕ್ಸ್-ಶೋರೂಂ ಬೆಲೆ (ನೋಂದಣಿ ತೆರಿಗೆ, ವಿಮೆ ಸೇರದ್ದು) ಕೆಂಪು ಬಣ್ಣಕ್ಕೆ 1,67,800 ರೂಪಾಯಿ, ರೇಸಿಂಗ್ ಬ್ಲೂ ಬಣ್ಣಕ್ಕೆ 1,72,800, ಆರ್15ಎಂಗೆ 1,77,800. ಕ್ಲಚ್ ಹಿಡಿಯದೆ ಗೇರ್ ಏರಿಸಲು ಬಿಡುವ ಕ್ವಿಕ್‌ಶಿಫ್ಟರ್ ನೀಲಿ ಬಣ್ಣದ್ದಕ್ಕೂ ಬರುತ್ತಿತ್ತು. ಅಂದರೆ ನೀಲಿಯಿಂದ ಎಂಗೆ ಹೋಗಲು ಕೊಟ್ಟ 5,000 ಮುಖ್ಯವಾಗಿ ಬೆಳ್ಳಿ ಬಣ್ಣಕ್ಕೆ, ಚಿನ್ನದ ಬಣ್ಣದ ಬ್ರೇಕ್ ಕ್ಯಾಲಿಪರ್‌ಗೆ, ಬ್ಯಾಡ್ಜಿಗೆ. ಕೆಂಪಿನಿಂದ ನೀಲಿಗೆ ಕೊಟ್ಟ 5,000ಕ್ಕೆ ಮಾತ್ರ ಒಂದು ಕೆಲಸದ ವಸ್ತು ಸಿಗುತ್ತಿತ್ತು. ಈಗ ಬೆಲೆಗಳು ಬದಲಾಗಿವೆ, ಆದರೆ ಪಟ್ಟಿಯನ್ನು ಓದಬೇಕಾದ ರೀತಿ ಇದೇ: ಒಂದೊಂದು ಮೆಟ್ಟಿಲು ಹತ್ತುವಾಗಲೂ ಕೈಗೆ ಏನು ಸಿಕ್ಕಿತು ಎಂದು ಕೇಳಿಕೊಳ್ಳುವುದು.

ಹಾಗಾದರೆ ಹೆಚ್ಚಿನ ದುಡ್ಡು ಯಾವಾಗ ಸಾರ್ಥಕ?

ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಈ ವಸ್ತುವನ್ನು ನಾಳೆ ಹಾಕಿಸಿಕೊಳ್ಳಬಹುದೇ, ಅಥವಾ ಕಂಪನಿಯಿಂದ ಬರುವಾಗಲೇ ಇರಬೇಕೇ? ಸ್ಟಿಕ್ಕರ್, ಲಿವರ್, ಸೀಟಿನ ಹೊದಿಕೆ, ಎತ್ತರದ ವಿಂಡ್‌ಸ್ಕ್ರೀನ್, ಒಳ್ಳೆಯ ಟೈರ್ ಇವೆಲ್ಲ ನಾಳೆಯೂ ಸಿಗುತ್ತವೆ. ಬ್ರೇಕ್ ಹಿಡಿದಾಗ ಚಕ್ರ ನಿಂತು ಜಾರದಂತೆ ತಡೆಯುವ ಎಬಿಎಸ್ ಘಟಕ, ಬೈಕಿನ ವಾಲುವಿಕೆಯನ್ನು ಅಳೆಯುವ ಸೆನ್ಸರ್, ಹೊಂದಿಸಿಕೊಳ್ಳಬಹುದಾದ ಫೋರ್ಕ್, ಹಗುರ ಚಕ್ರಗಳು ಇವನ್ನು ಆಮೇಲೆ ಕೂಡಿಸುವುದು ಆಗದ ಕೆಲಸ. ಹೇಗೋ ಆಯಿತು ಎಂದರೂ ಮೂರು ಪಟ್ಟು ಖರ್ಚು. ಎರಡನೆಯ ಗುಂಪಿನದ್ದು ಒಂದಾದರೂ ಇದ್ದರೆ ಪ್ರೀಮಿಯಂ ಕಡೆ ಯೋಚಿಸಿ. ಬರೀ ಮೊದಲನೆಯ ಗುಂಪಿನವೇ ಆದರೆ ಬೇಸ್ ತನ್ನಿ.

ಟಿವಿಎಸ್ ಅಪಾಚೆ ಆರ್‌ಆರ್ 310 ಇದಕ್ಕೆ ಒಳ್ಳೆಯ ಉದಾಹರಣೆ. 2021ರ ಆಗಸ್ಟ್‌ನಿಂದ ಕಂಪನಿ ಈ ಬೈಕನ್ನು ಗ್ರಾಹಕರು ಹೇಳಿದಂತೆ ತಯಾರಿಸಿಕೊಡುವ ಪದ್ಧತಿ ಶುರು ಮಾಡಿತು. ಅದರಲ್ಲಿ ಡೈನಮಿಕ್ ಕಿಟ್ ತೆಗೆದುಕೊಂಡರೆ ಮುಂದೆಯೂ ಹಿಂದೆಯೂ ಪೂರ್ತಿ ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್ ಮತ್ತು ತುಕ್ಕು ಹಿಡಿಯದಂತೆ ಹಿತ್ತಾಳೆ ಲೇಪಿಸಿದ ಚೈನ್. ರೇಸ್ ಕಿಟ್ ತೆಗೆದುಕೊಂಡರೆ ಹೆಚ್ಚು ಬಾಗಿ ಕೂರುವ ಹ್ಯಾಂಡಲ್, ಮೇಲಕ್ಕೆತ್ತಿದ ಕಾಲುಪೆಗ್. ನಮ್ಮ ಕಡೆಯ ಸವಾರನಿಗೆ ಮೊದಲನೆಯದು ಉಪಯೋಗಕ್ಕೆ ಬಂದೀತು. ಎರಡನೆಯದು ರೇಸ್ ಟ್ರ್ಯಾಕಿಗೆ ಹೋಗುವವರದ್ದು, ನಮ್ಮಿಂದ ಟ್ರ್ಯಾಕ್ ಎಂದರೆ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ ಅಥವಾ ಕೊಯಮತ್ತೂರು. ದಿನವೂ ಧಾರವಾಡ-ಹುಬ್ಬಳ್ಳಿ 20 ಕಿಲೋಮೀಟರ್ ಬಾಗಿ ಕೂತು ಹೋದರೆ ಮಣಿಕಟ್ಟು ಮತ್ತು ಸೊಂಟ ಸುಮ್ಮನಿರುವುದಿಲ್ಲ.

ದೊಡ್ಡ ಬೈಕುಗಳಲ್ಲಿ ಈ ವ್ಯತ್ಯಾಸ ಇನ್ನೂ ಸ್ಪಷ್ಟ. ಡುಕಾಟಿ ಪನಿಗಾಲೆ ವಿ4 ಮತ್ತು ವಿ4 ಎಸ್ ಎರಡಕ್ಕೂ ಎಂಜಿನ್ ಒಂದೇ. ಎಸ್‌ನಲ್ಲಿ ಓಲಿನ್ಸ್ ಕಂಪನಿಯ ಎಲೆಕ್ಟ್ರಾನಿಕ್ ಸಸ್ಪೆನ್ಷನ್, ಮರ್ಕೆಸಿನಿ ಚಕ್ರಗಳು, ಲಿಥಿಯಂ ಬ್ಯಾಟರಿ. ಪ್ರೀಮಿಯಂ ಎಂದರೆ ನಿಜವಾಗಿ ಏನು ಎಂದು ತಿಳಿಯಲು ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಅದರಲ್ಲಿ ಸ್ಟಿಕ್ಕರಿನ ಮಾತೇ ಬರುವುದಿಲ್ಲ.

ಸಿಂಗಲ್ ಚಾನೆಲ್ ಎಬಿಎಸ್ ಇರುವ ಬೇಸ್ ಮಾದರಿ ತಂದರೆ ನಡೆಯುತ್ತದೆಯೇ?

ಕಾನೂನಿಗೆ ನಡೆಯುತ್ತದೆ. 2019ರ ಏಪ್ರಿಲ್ 1ರಿಂದ 125 ಸಿಸಿ ಮೀರಿದ ದ್ವಿಚಕ್ರ ವಾಹನಗಳಿಗೆ ಎಬಿಎಸ್ ಕಡ್ಡಾಯ, ಅದಕ್ಕೆ ಸಿಂಗಲ್ ಚಾನೆಲ್ ಸಾಕು. ಆದರೆ ನಮ್ಮ ರಸ್ತೆಗೆ ನಡೆಯುವುದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸಿಂಗಲ್ ಚಾನೆಲ್ ಕಾಯುವುದು ಮುಂದಿನ ಚಕ್ರವನ್ನು ಮಾತ್ರ. ಹಿಂದಿನ ಬ್ರೇಕ್ ಜೋರಾಗಿ ತುಳಿದರೆ ಹಿಂದಿನ ಚಕ್ರ ತಿರುಗುವುದು ನಿಂತು ಜಾರುತ್ತದೆ. ಅಣ್ಣಿಗೇರಿ, ನವಲಗುಂದ ಕಡೆಯ ರಸ್ತೆಗಳನ್ನು ನೆನಪಿಸಿಕೊಳ್ಳಿ. ಹೊಲದಿಂದ ಬಂದ ಟ್ರ್ಯಾಕ್ಟರ್ ತನ್ನ ಗಾಲಿಯಲ್ಲಿ ಅಂಟಿಕೊಂಡ ಎರೆಮಣ್ಣನ್ನು ಡಾಂಬರಿನ ಮೇಲೆ ಹೆಂಟೆ ಹೆಂಟೆಯಾಗಿ ಉದುರಿಸುತ್ತಾ ಹೋಗಿರುತ್ತದೆ. ಬಿಸಿಲಿದ್ದಾಗ ಅದು ಕಲ್ಲಿನಂತೆ. ಮುಂಗಾರಿನ ಮೊದಲ ಹನಿ ಬಿದ್ದೊಡನೆ ಸಾಬೂನು. ಆ ಜಾಗದಲ್ಲಿ ಎಮ್ಮೆಯೊಂದು ಅಡ್ಡ ಬಂದಾಗ ಕಾಲು ತಾನೇ ತಾನಾಗಿ ಬ್ರೇಕನ್ನು ಒತ್ತುತ್ತದೆ, ಯೋಚಿಸಲು ಸಮಯ ಇರುವುದಿಲ್ಲ. ಎರಡೂ ಚಕ್ರಕ್ಕೆ ಎಬಿಎಸ್ ಇದ್ದರೆ ಪೆಡಲ್ ಕಾಲಡಿಯಲ್ಲಿ ಪಟಪಟ ಎಂದು ಬಡಿಯುತ್ತದೆ, ಬೈಕ್ ನೆಟ್ಟಗೆ ನಿಲ್ಲುತ್ತದೆ. ಆ ಬಡಿತವನ್ನು ನನ್ನ ಪಾದ ಎರಡು ಸಲ ಅನುಭವಿಸಿದೆ.

ಬಜಾಜ್ ಪಲ್ಸರ್ ಎನ್160 ಫೇರಿಂಗ್ ಇಲ್ಲದ ಬೈಕಾದರೂ ಇಲ್ಲಿ ಹೇಳಬೇಕು. 2022ರಲ್ಲಿ ಅದು ಸಿಂಗಲ್ ಮತ್ತು ಡ್ಯುಯಲ್ ಚಾನೆಲ್ ಎರಡೂ ಬಗೆಯಲ್ಲಿ ಬಂದಾಗ ನಡುವಿನ ಅಂತರ ಸುಮಾರು 5,000 ರೂಪಾಯಿ. ಆರ್15ರಲ್ಲಿ ಅಷ್ಟೇ ದುಡ್ಡಿಗೆ ಬಂದದ್ದು ಬಣ್ಣ, ಇಲ್ಲಿ ಬಂದದ್ದು ಬ್ರೇಕ್. ಬೇರೆ ಎಲ್ಲದರಲ್ಲೂ ಉಳಿತಾಯ ಮಾಡಿ, ಇದರಲ್ಲಿ ಬೇಡ. ಮಗನಿಗೆ ಬೈಕ್ ಕೊಡಿಸುವ ತಂದೆ ತಾಯಿಗಳಲ್ಲಿ ಕೈ ಮುಗಿದು ಕೇಳುವುದೂ ಇದನ್ನೇ.

ಕ್ವಿಕ್‌ಶಿಫ್ಟರ್ ಬೇಕೇ? ಅದು ಕೆಲಸ ಮಾಡುವುದು ಹೇಗೆ?

ಗೇರ್ ಲಿವರಿನ ಕಡ್ಡಿಗೆ ಒಂದು ಸೆನ್ಸರ್ ಇರುತ್ತದೆ. ಕಾಲಿನ ಒತ್ತಡ ಬಿದ್ದ ಕೂಡಲೇ ಎಂಜಿನ್ನಿನ ಕಿಡಿಯನ್ನು ಒಂದು ಕ್ಷಣ ತಡೆಯುವಂತೆ ಅದು ಸೂಚನೆ ಕೊಡುತ್ತದೆ. ಹಲ್ಲುಗಳ ಮೇಲಿನ ಭಾರ ತಗ್ಗಿದಾಗ ಕ್ಲಚ್ ಹಿಡಿಯದೆಯೇ ಗೇರ್ ಏರುತ್ತದೆ. ಆರ್15ರಂಥವುಗಳಲ್ಲಿ ಏರಿಸಲು ಮಾತ್ರ ಬರುತ್ತದೆ. 2022ರ ಕೆಟಿಎಂ ಆರ್‌ಸಿ 390ರಂಥವುಗಳಲ್ಲಿ ಇಳಿಸಲೂ ಬರುತ್ತದೆ.

ಸುಖ ಇರುವುದು ನಿಜ. ಕಲಘಟಗಿ ದಾಟಿ ಯಲ್ಲಾಪುರದ ಕಡೆ ಕಾಡಿನ ರಸ್ತೆಯಲ್ಲಿ ಒಂದರ ಮೇಲೊಂದು ಗೇರ್ ಏರಿಸುವಾಗ ಮನಸ್ಸು ಹಗುರಾಗುತ್ತದೆ. ಆದರೆ ಉಣಕಲ್ಲಿನಿಂದ ಚೆನ್ನಮ್ಮ ವೃತ್ತದವರೆಗೆ, ಬಸ್ಸುಗಳಿಗೇ ಮೀಸಲಾದ ಬಿಆರ್‌ಟಿಎಸ್ ಪಥದ ಪಕ್ಕದ ಇಕ್ಕಟ್ಟಿನಲ್ಲಿ, ನೀವು ಎರಡು-ಮೂರನೇ ಗೇರಿನಲ್ಲಿ ತೆವಳುತ್ತಿರುತ್ತೀರಿ. ಕಡಿಮೆ ವೇಗದಲ್ಲಿ ಅದು ಒಂದೋ ಕೆಲಸ ಮಾಡುವುದಿಲ್ಲ, ಅಥವಾ ಒದ್ದಂತೆ ಮಾಡುತ್ತದೆ. ದಿನದ ಓಡಾಟವೆಲ್ಲ ಊರೊಳಗೇ ಎನ್ನುವವರು ಇದಕ್ಕಾಗಿ ಹೆಚ್ಚು ಕೊಡಬೇಕಿಲ್ಲ. ಸ್ಲಿಪ್ಪರ್ ಕ್ಲಚ್ ಬೇರೆಯೇ ವಿಷಯ, ಅದನ್ನು ಇದರ ಜೊತೆ ಬೆರೆಸಬೇಡಿ. ಗೇರ್ ತಟ್ಟನೆ ಇಳಿಸಿದಾಗ ಹಿಂದಿನ ಚಕ್ರ ಕುಣಿಯದಂತೆ ಅದು ತಡೆಯುತ್ತದೆ.

ಬೇಸ್ ತಂದು ಕ್ವಿಕ್‌ಶಿಫ್ಟರನ್ನು ಹೊರಗಡೆ ಹಾಕಿಸಿದರೆ?

ನಾನು ಹಾಕಿಸಿ ಪೆಟ್ಟು ತಿಂದಿದ್ದೇನೆ. ಒಂದು ಅಂಗಡಿಯವರು ಮೂಲ ವೈರನ್ನು ಕತ್ತರಿಸಿ, ಸುರುಳಿ ಸುತ್ತಿ, ಮೇಲೆ ಟೇಪ್ ಹಾಕಿ ಕೊಟ್ಟರು. ಎರಡು ತಿಂಗಳು ಚೆನ್ನಾಗಿತ್ತು. ಆಷಾಢದ ಒಂದು ಸಂಜೆ, ಅಣ್ಣಿಗೇರಿಗೆ ಇನ್ನೂ ನಾಲ್ಕೈದು ಕಿಲೋಮೀಟರ್ ಇರುವಾಗ, ಓಡುತ್ತಿದ್ದ ಎಂಜಿನ್ ನಿಂತುಹೋಯಿತು. ಹಿಂದೆ ಲಾರಿ. ಹೇಗೋ ಅಂಚಿಗೆ ಎಳೆದುಕೊಂಡೆ. ಮಳೆಯಲ್ಲಿ ತಳ್ಳುತ್ತಾ ಒಂದು ಚಹಾದ ಅಂಗಡಿ ಮುಟ್ಟಿದಾಗ ಬೂಟಿನ ತುಂಬ ನೀರು. ಮರುದಿನ ಮೆಕ್ಯಾನಿಕ್ ಟ್ಯಾಂಕ್ ಬಿಚ್ಚಿ ಆ ಟೇಪನ್ನು ಸುಲಿದಾಗ ಒಳಗಿನ ತಾಮ್ರ ಹಸಿರಾಗಿತ್ತು. ವೈರ್ ಕತ್ತರಿಸಿದ್ದರಿಂದ ವಿದ್ಯುತ್ ಭಾಗಗಳ ವಾರಂಟಿಯೂ ಹೋಯಿತು.

ಮೂಲ ಕನೆಕ್ಟರಿಗೆ ನೇರ ಕೂರುವ, ವೈರ್ ಕತ್ತರಿಸದ ಕಿಟ್‌ಗಳಿವೆ. ನಿಮ್ಮ ಬೈಕಿಗೆ ಕಂಪನಿಯೇ ಬಿಡಿಯಾಗಿ ಮಾರುತ್ತಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯದು, ಬಿಲ್ಲಿನೊಂದಿಗೆ ಶೋರೂಮಿನಲ್ಲೇ ಹಾಕಿಸಿ. ಎರಡೂ ಇಲ್ಲವಾದರೆ ಕ್ವಿಕ್‌ಶಿಫ್ಟರ್ ಇರುವ ಮಾದರಿಯನ್ನೇ ಕೊಳ್ಳಿ ಅಥವಾ ಆಸೆ ಬಿಡಿ.

ಸೈಲೆನ್ಸರ್ ಬದಲಿಸುವವರಿಗೂ ಒಂದು ಮಾತು. ನೋಂದಣಿ ಪತ್ರದಲ್ಲಿ ಇರುವ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಕಾಯ್ದೆ ಹಾಗಿರಲಿ, ಬೆಳಗಿನ ಆರು ಗಂಟೆಗೆ ನಿಮ್ಮ ಓಣಿಯಲ್ಲಿ ಮಲಗಿರುವ ಕೂಸನ್ನು ನೆನಪಿಸಿಕೊಳ್ಳಿ.

ತಲೆಕೆಳಗಾದ ಫೋರ್ಕ್ ನಮ್ಮ ಧೂಳಿಗೆ ತಾಳುತ್ತದೆಯೇ?

ತಾಳುತ್ತದೆ, ಕೈಯಾಡಿಸುತ್ತಿದ್ದರೆ. ಸಾಮಾನ್ಯ ಫೋರ್ಕಿನಲ್ಲಿ ಹೊಳೆಯುವ ತೆಳು ಕೊಳವೆ ಮೇಲಿರುತ್ತದೆ. ತಲೆಕೆಳಗಾದದ್ದರಲ್ಲಿ ಅದು ಕೆಳಗೆ, ಚಕ್ರದ ಪಕ್ಕದಲ್ಲೇ ಇರುತ್ತದೆ. ಮುಂದಿನ ಭಾಗ ಗಟ್ಟಿಯಾಗಿ, ಬ್ರೇಕ್ ಹಿಡಿದಾಗ ತೊನೆಯದೆ ನಿಲ್ಲುತ್ತದೆ ಎನ್ನುವುದು ಲಾಭ. ಚಕ್ರ ಎರಚುವ ಕೆಸರು ನೇರ ಆ ಕೊಳವೆಗೇ ಬಡಿಯುತ್ತದೆ ಎನ್ನುವುದು ನಷ್ಟ. ಎರೆಮಣ್ಣು ಒಣಗಿದರೆ ಸಿಮೆಂಟು. ಫೋರ್ಕ್ ಮೇಲೆ ಕೆಳಗೆ ಆಡಿದಂತೆಲ್ಲ ಆ ಹೆಕ್ಕಳೆ ಆಯಿಲ್ ಸೀಲಿನ ತುಟಿಯನ್ನು ಕೊರೆಯುತ್ತದೆ. ಒಂದು ದಿನ ಕೊಳವೆಯ ಸುತ್ತ ಎಣ್ಣೆಯ ಉಂಗುರ ಕಾಣುತ್ತದೆ. ಅದು ಕೆಳಗಿಳಿದು ಬ್ರೇಕ್ ಕ್ಯಾಲಿಪರ್ ಮುಟ್ಟಿದರೆ ಅಪಾಯ.

ನಾನು ಮಾಡುವುದು ಇಷ್ಟು: ಮಳೆಗಾಲದಲ್ಲಿ ಮನೆಗೆ ಬಂದ ಕೂಡಲೇ, ಮಣ್ಣು ಹಸಿ ಇರುವಾಗಲೇ, ಒಂದು ಚೊಂಬು ನೀರು ಸುರಿದು ಹಳೆಯ ಹತ್ತಿ ಬನಿಯನ್ನಿನಿಂದ ಎರಡೂ ಕೊಳವೆ ಒರೆಸುತ್ತೇನೆ. ಒಣಗಿದ ಮೇಲೆ ಉಗುರಿನಿಂದ ಕೆರೆಯಬಾರದು. ಎರಡು ನಿಮಿಷದ ಕೆಲಸ. ಇದನ್ನು ಮಾಡಲು ಒಲ್ಲೆ ಎನ್ನುವವರು ಸಾಮಾನ್ಯ ಫೋರ್ಕಿನ ಬೇಸ್ ಮಾದರಿಯಲ್ಲಿಯೇ ಸುಖವಾಗಿರುತ್ತಾರೆ.

ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್ ನಮಗೆ ಉಪಯೋಗಕ್ಕೆ ಬರುತ್ತದೆಯೇ?

ಹೊಂದಿಸಿಕೊಳ್ಳುವವರಿಗೆ ಬರುತ್ತದೆ. ಎಷ್ಟೋ ಬೈಕುಗಳಲ್ಲಿ ಹೊಂದಿಸುವ ಸ್ಕ್ರೂಗಳು ಕಂಪನಿ ಬಿಟ್ಟ ಜಾಗದಿಂದ ಒಂದು ಸುತ್ತೂ ತಿರುಗದೆ ಮಾರಾಟವಾಗಿ ಹೋಗುತ್ತವೆ. ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಡಬೇಕು ಎಂಬ ಹೊಂದಾಣಿಕೆ) ತಿರುಗಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸ್ಪ್ರಿಂಗ್ ಅದೇ ಇರುತ್ತದೆ. ನೀವು ಕೂತಾಗ ಬೈಕ್ ಎಷ್ಟು ಕುಸಿಯುತ್ತದೆ ಎನ್ನುವುದು ಮಾತ್ರ ಬದಲಾಗುತ್ತದೆ. ಒತ್ತಿದ ಫೋರ್ಕ್ ಎಷ್ಟು ಬೇಗ ಮೇಲೇಳಬೇಕು ಎಂದು ನಿರ್ಧರಿಸುವುದು ರಿಬೌಂಡ್. ಅದು ತೀರಾ ನಿಧಾನವಾದರೆ ಸಾಲು ಗುಂಡಿಗಳಲ್ಲಿ ಫೋರ್ಕ್ ಪೂರ್ತಿ ಮೇಲೇಳುವ ಮೊದಲೇ ಮತ್ತೆ ಒತ್ತಿಹೋಗುತ್ತದೆ, ಮೂರನೇ ಗುಂಡಿಗೆ ಮುಂಗೈ ನೋಯುತ್ತದೆ. ನಮ್ಮ ಊರಿನ ರಸ್ತೆಗಳಲ್ಲಿ ಸ್ವಲ್ಪ ಚುರುಕಾದ ರಿಬೌಂಡ್ ಹಿತ ಎಂಬುದು ನನ್ನ ಅನುಭವ. ಒಂದು ಸಲಕ್ಕೆ ಒಂದೇ ಸ್ಕ್ರೂ, ಒಂದೆರಡು ಕ್ಲಿಕ್ ಮಾತ್ರ ತಿರುಗಿಸಿ, ಮೊದಲು ಎಲ್ಲಿತ್ತೆಂದು ಬರೆದಿಟ್ಟುಕೊಂಡು ಅದೇ ರಸ್ತೆಯಲ್ಲಿ ಮತ್ತೆ ಓಡಿಸಿ ನೋಡಿ.

ವೇಗ, ಗೇರ್ ತೋರಿಸುವ ಟಿಎಫ್‌ಟಿ ಬಣ್ಣದ ಪರದೆ?

ನೋಡಲು ಚೆಂದ. ಏಪ್ರಿಲ್ ಮಧ್ಯಾಹ್ನದ ಗದಗಿನ ಬಿಸಿಲಿನಲ್ಲಿ ಓದಲು ಬರುತ್ತದೆಯೇ ಎಂದು ಶೋರೂಮಿನ ಹೊರಗೆ ನಿಲ್ಲಿಸಿ ನೋಡಿ, ಒಳಗಿನ ದೀಪದಲ್ಲಲ್ಲ. ಇದಕ್ಕಾಗಿಯೇ ಹೆಚ್ಚು ಕೊಡಬೇಡಿ.

ಎರಡು ಮಾದರಿಗಳ ನಡುವೆ 15,000 ಅಂತರ ಎಂದರು. ನಿಜವಾಗಿ ಎಷ್ಟು ಬೀಳುತ್ತದೆ?

ಅದು ಎಕ್ಸ್-ಶೋರೂಂ ಅಂತರ. ಕರ್ನಾಟಕದಲ್ಲಿ ಒಂದು ಲಕ್ಷ ರೂಪಾಯಿ ಮೀರಿದ ದ್ವಿಚಕ್ರ ವಾಹನಕ್ಕೆ ಜೀವಾವಧಿ ತೆರಿಗೆ ಶೇ 18, ಸೆಸ್ ಬೇರೆ. ತೆರಿಗೆ ಸೇರಿದರೇ 15,000 ಎನ್ನುವುದು 17,700 ಆಗುತ್ತದೆ. ಅದನ್ನು ಶೇ 12ರ ಬಡ್ಡಿಗೆ 36 ಕಂತುಗಳಲ್ಲಿ ತೀರಿಸಿದರೆ ತಿಂಗಳಿಗೆ ಸುಮಾರು 588, ಒಟ್ಟು 21,000 ದಾಟುತ್ತದೆ. ಜೊತೆಗೆ ಬೈಕಿನ ಬೆಲೆ ಹೆಚ್ಚಾದಷ್ಟೂ ಸ್ವಂತ ಹಾನಿಯ ವಿಮೆಯ ಕಂತೂ ಹೆಚ್ಚು. ಮೂರನೇ ವ್ಯಕ್ತಿ ವಿಮೆ ಮಾತ್ರ ಎಂಜಿನ್ ಸಿಸಿ ಮೇಲೆ ನಿಗದಿಯಾಗುತ್ತದೆ, ಹಾಗಾಗಿ ಎರಡಕ್ಕೂ ಒಂದೇ.

ಬೇಸ್ ಬಿಟ್ಟು ದೊಡ್ಡ ಎಂಜಿನ್ನಿಗೇ ಹೋದರೆ?

2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕುಗಳಿಗೆ ಜಿಎಸ್‌ಟಿ ಶೇ 18, ಅದನ್ನು ಮೀರಿದರೆ ಶೇ 40. ಆರ್‌ಆರ್ 310 ಈ ಗೆರೆಯ ಒಳಗಿದೆ, 373 ಸಿಸಿಯ ಆರ್‌ಸಿ 390 ಹೊರಗಿದೆ. ಆ ಗೆರೆ ದಾಟುವ ಮುನ್ನ ಗೆರೆಯೊಳಗಿನ ಬೈಕಿನ ಪ್ರೀಮಿಯಂ ಮಾದರಿಯ ಬೆಲೆಯನ್ನು ಪಕ್ಕದಲ್ಲಿಟ್ಟು ನೋಡಿ.

ಬಿದ್ದರೆ ಪ್ರೀಮಿಯಂ ಮಾದರಿಯ ಖರ್ಚು ಹೆಚ್ಚೇ?

ಹೌದು. ನಿಂತಲ್ಲೇ ವಾಲಿ ಬಿದ್ದರೂ ಫೇರಿಂಗ್ ಸೀಳುತ್ತದೆ. ವಿಶೇಷ ಬಣ್ಣದ ಫೇರಿಂಗ್‌ಗೆ ಬೆಲೆಯೂ ಹೆಚ್ಚು, ಕಾಯುವುದೂ ಹೆಚ್ಚು. ಸಾಮಾನ್ಯ ವಿಮೆಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಶೇ 50 ಸವಕಳಿ ಕಳೆಯುತ್ತಾರೆ, ಅಂದರೆ ಅರ್ಧ ನಿಮ್ಮ ಕೈಯಿಂದ. ಸ್ಪೋರ್ಟ್ಸ್ ಬೈಕ್ ಎಂದರೆ ಮೈತುಂಬ ಪ್ಲಾಸ್ಟಿಕ್, ಹಾಗಾಗಿ ಶೂನ್ಯ ಸವಕಳಿ ವಿಮೆ ಮಾಡಿಸಲೇಬೇಕು. ಮಾರಾಟದ ಕೌಂಟರಿನಲ್ಲಿ ಕೂರುವ ಮೊದಲು ಬಿಡಿಭಾಗಗಳ ಕೌಂಟರಿಗೆ ಹೋಗಿ, ಎಡಬದಿಯ ಫೇರಿಂಗ್ ಎರಡೂ ಮಾದರಿಗೆ ಎಷ್ಟು, ಎಷ್ಟು ದಿನಕ್ಕೆ ಬರುತ್ತದೆ ಎಂದು ಕೇಳಿ.

ಮನೆಯವರನ್ನು ಹಿಂದೆ ಕೂಡಿಸಬಹುದೇ?

ನವಲಗುಂದದ ಕಡೆಯಿಂದ ತಂದೆ, ಮಗ ಬಂದಿದ್ದರು. ಮಗನ ಕಣ್ಣೆಲ್ಲ ಟಾಪ್ ಮಾದರಿಯ ಮೇಲೆ. ತಂದೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಹಿಂದಿನ ಆ ಅಂಗೈಯಗಲದ ಸೀಟನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಮಾರಾಟದ ಹುಡುಗನನ್ನು ಕೇಳಿದರು: “ತಮ್ಮಾ, ಇವನ ಅವ್ವನನ್ನು ದವಾಖಾನೆಗೆ ಕರೆದುಕೊಂಡು ಹೋಗುವುದಾದರೆ ಎಲ್ಲಿ ಕೂಡಿಸಬೇಕು?”

ಅಂದು ಆ ಶೋರೂಮಿನಲ್ಲಿ ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದು. ಬೈಕ್ ಮನೆಗೆ ಒಂದೇ ಎನ್ನುವಾಗ ಹಿಂದಿನ ಸೀಟು ಎಲ್ಲಕ್ಕಿಂತ ಮೊದಲು. ಯಮಹಾ ಇದನ್ನು ಅರಿತೇ 2021ರ ಕೊನೆಗೆ ಒಂದೇ ಉದ್ದನೆಯ ಸೀಟಿನ ಆರ್15ಎಸ್ ತಂದಿತು. ಕೊಳ್ಳುವ ದಿನ ಅವ್ವನನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ, ಸೀರೆಯಲ್ಲೇ ಹಿಂದೆ ಕೂರಿಸಿ, ಒಂದು ಸುತ್ತು ಹೋಗಿ ಬನ್ನಿ. ಇಳಿದಾಗ ಅವರ ಮುಖ ಹೇಳುವುದನ್ನು ಕೇಳಿ.

ಮರುಮಾರಾಟದಲ್ಲಿ ಪ್ರೀಮಿಯಂಗೆ ಹೆಚ್ಚು ಸಿಗುತ್ತದೆಯೇ?

ಸ್ವಲ್ಪ ಸಿಗುತ್ತದೆ, ಕೊಟ್ಟಷ್ಟು ಸಿಗುವುದಿಲ್ಲ. ಹಳೆಯ ಬೈಕ್ ಕೊಳ್ಳುವವರು ವರ್ಷ, ಓಡಿದ ಕಿಲೋಮೀಟರ್, ಬಿದ್ದ ಗುರುತು ನೋಡುತ್ತಾರೆ. ಆದರೆ ಬೇಗ ಗಿರಾಕಿ ಸಿಗುವುದು ಟಾಪ್ ಮಾದರಿಗೆ, ಅದನ್ನು ಒಪ್ಪುತ್ತೇನೆ.

ಬೇಸ್ ತಂದು ಉಳಿದ ದುಡ್ಡನ್ನು ಏನು ಮಾಡಲಿ?

ಮೊದಲು ಹೆಲ್ಮೆಟ್‌ಗಳ ಭಾರತೀಯ ಮಾನದಂಡವಾದ ಐಎಸ್ 4151ರ ಗುರುತಿರುವ, ತಲೆಗೆ ಬಿಗಿಯಾಗಿ ಕೂರುವ ಪೂರ್ಣ ಮುಖದ ಹೆಲ್ಮೆಟ್. ಹಿಂದೆ ಕೂರುವವರಿಗೂ ಒಂದು. ಆಮೇಲೆ ಗೆಣ್ಣು ಮುಚ್ಚುವ ಕೈಗವಸು, ಜಾಕೆಟ್. ಮೊದಲ ಜೋಡಿ ಟೈರ್ ಸವೆದಾಗ ಮಳೆಯಲ್ಲಿ ಹಿಡಿತ ಕೊಡುವ ಒಳ್ಳೆಯ ರೇಡಿಯಲ್ ಟೈರ್ ಹಾಕಿಸಿ. ಅಂಥ ಟೈರ್ ಹಾಕಿಸಿದ ದಿನ ಬೈಕೇ ಬೇರೆ ಎನಿಸುತ್ತದೆ.

ಬೈಕ್ ಕೈಗೆ ಬರುವ ದಿನ ಏನೇನು ನೋಡಬೇಕು?

ಬಿಲ್ಲಿನಲ್ಲಿ ಮತ್ತು ವಿಮೆಯ ಕಾಗದದಲ್ಲಿ ನೀವು ದುಡ್ಡು ಕೊಟ್ಟ ಮಾದರಿಯ ಹೆಸರೇ ಇದೆಯೇ ನೋಡಿ. ಪ್ರೀಮಿಯಂ ಕೊಂಡು ವಿಮೆಯಲ್ಲಿ ಬೇಸ್ ಎಂದಿದ್ದರೆ ಕಳವಾದ ದಿನ ಕಡಿಮೆ ಮೊತ್ತ ಬರುತ್ತದೆ. ಚಾಸಿಸ್ ಸಂಖ್ಯೆಯನ್ನು ನೀವೇ ಬೈಕಿನ ಮೇಲಿನ ಅಚ್ಚಿನೊಂದಿಗೆ ಹೋಲಿಸಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ, 2325 ಎಂದಿದ್ದರೆ 2025ರ 23ನೇ ವಾರ ತಯಾರಾದದ್ದು. ಬೈಕ್ ಎಷ್ಟು ದಿನ ಗೋದಾಮಿನಲ್ಲಿ ನಿಂತಿತ್ತು ಎಂಬ ಅಂದಾಜು ಅಲ್ಲೇ ಸಿಗುತ್ತದೆ. ಕ್ವಿಕ್‌ಶಿಫ್ಟರ್ ಇದೆ ಎಂದಿದ್ದರೆ ಗೇರ್ ಕಡ್ಡಿಯ ಸೆನ್ಸರನ್ನು ಬೆರಳಿನಿಂದ ಮುಟ್ಟಿ ನೋಡಿ. ಪೂಜೆ, ನಿಂಬೆಹಣ್ಣು, ಫೋಟೋ ಎಲ್ಲ ಆಮೇಲೆ. ಒಮ್ಮೆ ಗೇಟು ದಾಟಿದ ಮೇಲೆ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.